ಯಾರ್ಕ್‌ಶೈರ್‌ನ ಹಳ್ಳಿ ಪಬ್‌ಗೆ ಅತ್ತೆ-ಮಾವನವರನ್ನು ಕರೆದೊಯ್ಯಬಹುದೇ? ಏಲ್, ಊಟ, ರಿವಾಜುಗಳ ಬಗ್ಗೆ ಸಲಹೆ ಬೇಕು

ಮಲೆನಾಡಿನವಳು (ಲೀಡ್ಸ್)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಕಡೆಯಿಂದ ನಮ್ಮ ಅತ್ತೆ-ಮಾವನವರು ಬಂದು ಮೂರು ವಾರಗಳಾದವು. ಯಾರ್ಕ್ ನಗರ, ಹಾವರ್ತ್, ಸಮುದ್ರತೀರ ಎಲ್ಲವನ್ನೂ ನೋಡಿ ಮುಗಿಸಿದ್ದಾರೆ. ಮಾವನವರಿಗೆ ಈಗ ಉಳಿದಿರುವುದು ಒಂದೇ ಆಸೆ: ಇಲ್ಲಿನ ಯಾವುದಾದರೂ ಹಳ್ಳಿಯ ಹಳೆಯ ಪಬ್‌ನಲ್ಲಿ ಕುಳಿತು ಇಲ್ಲಿನ ಸಾಂಪ್ರದಾಯಿಕ ಬಿಯರ್ ಆದ ಏಲ್ ಅನ್ನು ಒಂದು ಲೋಟ ಕುಡಿಯಬೇಕು. ಊರಿನಲ್ಲಿ ಅವರು ವರ್ಷಕ್ಕೆ ಎರಡೋ ಮೂರೋ ಸಲ, ಅದೂ ಅತ್ತೆಯವರ ಕಣ್ಣು ತಪ್ಪಿಸಿ, ಬಿಯರ್ ಕುಡಿದವರೇ ಹೊರತು ದಿನನಿತ್ಯದ ಅಭ್ಯಾಸವಿರುವವರಲ್ಲ.

ಅತ್ತೆಯವರ ಮನಸ್ಸಿನಲ್ಲಿ ಪಬ್ ಎಂದರೆ ನಮ್ಮ ಊರಿನ ಬಸ್ ನಿಲ್ದಾಣದ ಹಿಂದಿರುವ ಬಾರ್: ಹಗಲಿನಲ್ಲೂ ಕತ್ತಲೆ, ಬಾಗಿಲಿಗೆ ಪರದೆ, ಒಳಗೆ ಬರೀ ಗಂಡಸರು. "ಹೆಂಡದಂಗಡಿಯಲ್ಲಿ ಕೂತು ಊಟ ಮಾಡುವ ಕರ್ಮ ನನಗೇನು ಬಂದಿದೆ?" ಎಂದು ಕೇಳಿದ್ದಾರೆ. ಅವರು ಮೊಟ್ಟೆಯನ್ನೂ ತಿನ್ನುವುದಿಲ್ಲ. ಜೊತೆಗೆ ನಮ್ಮ ಏಳು ವರ್ಷದ ಮಗಳೂ ಇರುತ್ತಾಳೆ. ಹೀಗಿರುವಾಗ ಈ ಪ್ರಯತ್ನಕ್ಕೆ ಕೈಹಾಕಬಹುದೇ, ಹಾಕಿದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು, ಏನನ್ನು ಕೇಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಈ ದೇಶಕ್ಕೆ ಬಂದು ಆರು ವರ್ಷವಾದರೂ ನಾನು ಊರಿನೊಳಗಿನ ಪಬ್‌ಗಳನ್ನಷ್ಟೇ ಕಂಡಿದ್ದೇನೆ.

ಡೇಲ್ಸ್ ನಡಿಗೆಗಾರ (ಸ್ಕಿಪ್ಟನ್)

ಖಂಡಿತ ಕರೆದೊಯ್ಯಿರಿ. ಅತ್ತೆಯವರಿಗೆ ಮೊದಲು ಹೆಸರಿನ ಅರ್ಥವನ್ನು ಹೇಳಿ ನೋಡಿ. ಪಬ್ ಎಂಬುದು ಪಬ್ಲಿಕ್ ಹೌಸ್ ಎಂಬುದರ ಮೊಟಕು ರೂಪ. ಊರವರಿಗೆ ಬಾಗಿಲು ತೆರೆದಿಟ್ಟ ಮನೆ ಎಂದರ್ಥ. ಹಳ್ಳಿಗಳಲ್ಲಿ ಇದು ಬರೀ ಮಾತಲ್ಲ, ಎಷ್ಟೋ ಕಡೆ ಪಬ್ ನಡೆಸುವ ದಂಪತಿಗಳು ಮಹಡಿಯ ಮೇಲೆಯೇ ವಾಸವಾಗಿರುತ್ತಾರೆ, ಅವರ ನಾಯಿ ನಮ್ಮ ಕಾಲಬುಡದಲ್ಲಿ ಮಲಗಿರುತ್ತದೆ. ಊಟ ಬಡಿಸುವ ಹಳ್ಳಿ ಪಬ್‌ಗಳು ಸಾಮಾನ್ಯವಾಗಿ ಮಕ್ಕಳನ್ನು ಒಳಗೆ ಬಿಡುತ್ತವೆ. ಆದರೂ ಫೋನ್ ಮಾಡಿ ಕೇಳಿಕೊಂಡು ಹೋಗುವುದು ಒಳ್ಳೆಯದು.

ಕಾರಿನಲ್ಲಿ ಹೋದರೆ ಓಡಿಸುವವರು ಕುಡಿಯದೆ ಕೂರಬೇಕಾಗುತ್ತದೆ, ಆದ್ದರಿಂದ ರೈಲಿನಲ್ಲಿ ಹೋಗಿ. ಲೀಡ್ಸ್‌ನಿಂದ ಸೆಟಲ್ ಮಾರ್ಗವಾಗಿ ಕಾರ್ಲೈಲ್‌ಗೆ ಹೋಗುವ ರೈಲು ಈ ಸೀಮೆಯ ಬೆನ್ನೆಲುಬಿನ ಮೇಲೆಯೇ ಸಾಗುತ್ತದೆ. ರಿಬಲ್‌ಹೆಡ್‌ನಲ್ಲಿ ಇಳಿದರೆ ಇಪ್ಪತ್ನಾಲ್ಕು ಕಮಾನುಗಳ ಕಲ್ಲಿನ ರೈಲು ಸೇತುವೆ ಎದುರಿಗೇ ನಿಂತಿರುತ್ತದೆ, ಅದರ ಪಕ್ಕದಲ್ಲಿಯೇ ಸ್ಟೇಶನ್ ಇನ್ ಎಂಬ ಪಬ್ ಇದೆ. ಸೇತುವೆ ನೋಡುವ ನೆಪದಲ್ಲಿ ಅತ್ತೆಯವರನ್ನು ಅಲ್ಲಿಯವರೆಗೆ ಕರೆತಂದರೆ ಅರ್ಧ ಕೆಲಸ ಮುಗಿದಂತೆ. ಇನ್ನೂ ಎತ್ತರಕ್ಕೆ ಹೋಗುವ ಹುಮ್ಮಸ್ಸಿದ್ದರೆ ಟ್ಯಾನ್ ಹಿಲ್ ಇನ್ ಇದೆ. ಸಮುದ್ರಮಟ್ಟದಿಂದ 1,732 ಅಡಿ ಮೇಲಿರುವ ಅದು ಬ್ರಿಟನ್ನಿನ ಅತಿ ಎತ್ತರದ ಪಬ್. 2021ರ ನವೆಂಬರ್‌ನಲ್ಲಿ ಆರ್ವೆನ್ ಬಿರುಗಾಳಿ ಬಂದಾಗ ಅರವತ್ತಕ್ಕೂ ಹೆಚ್ಚು ಜನ ಹಿಮದಿಂದಾಗಿ ಅಲ್ಲಿಯೇ ಮೂರು ರಾತ್ರಿ ಸಿಕ್ಕಿಕೊಂಡಿದ್ದರು, ಹಾಡಲು ಬಂದಿದ್ದ ವಾದ್ಯತಂಡವೂ ಅವರ ಜೊತೆಗಿತ್ತು. ಕಾರಿಲ್ಲದೆ ಅಲ್ಲಿಗೆ ಹೋಗುವುದು ಕಷ್ಟ, ಹಾಗಾಗಿ ನಿಮಗೆ ರಿಬಲ್‌ಹೆಡ್ ಸಾಲಿನ ಹಳ್ಳಿಗಳೇ ವಾಸಿ.

ಎರಡು ತಪ್ಪುಗಳನ್ನು ನಾನೇ ಮಾಡಿರುವುದರಿಂದ ಹೇಳುತ್ತೇನೆ. ಮೊದಲನೆಯದು ಹೊತ್ತಿನದು. ಹಳ್ಳಿ ಪಬ್‌ಗಳಲ್ಲಿ ಬಾಗಿಲು ತೆರೆದಿದ್ದ ಮಾತ್ರಕ್ಕೆ ಅಡುಗೆಮನೆ ತೆರೆದಿದೆ ಎಂದಲ್ಲ. ಬೆಟ್ಟ ಇಳಿದು, ಹಸಿವಿನಿಂದ ಕಂಗೆಟ್ಟು, ಎರಡೂ ಮುಕ್ಕಾಲಿಗೆ ಒಂದು ಪಬ್ ತಲುಪಿದ ನಮಗೆ ಎರಡೂವರೆಗೇ ಒಲೆ ಆರಿಸಿಯಾಗಿದೆ, ಇನ್ನು ಆರು ಗಂಟೆಗೆ ಎಂಬ ಉತ್ತರ ಸಿಕ್ಕಿತು. ಆ ದಿನದ ಮಧ್ಯಾಹ್ನದ ಊಟ ನಾಲ್ಕು ಪೊಟ್ಟಣ ಆಲೂ ಚಿಪ್ಸ್. ಭಾನುವಾರವಾದರೆ ಮುಂಚೆಯೇ ಮೇಜು ಕಾದಿರಿಸಬೇಕು. ಎರಡನೆಯ ತಪ್ಪು ಇನ್ನೂ ಹಳೆಯದು. ಮೊದಲ ಸಲ ಹೋದಾಗ ಮೇಜಿನ ಮುಂದೆ ಕುಳಿತು, ಹೋಟೆಲ್ ಮಾಣಿ ಬರುವಂತೆ ಯಾರಾದರೂ ಬರುತ್ತಾರೆಂದು ಇಪ್ಪತ್ತೈದು ನಿಮಿಷ ಕಾದೆವು. ಯಾರೂ ಬರಲಿಲ್ಲ, ಯಾರೂ ಬರುವುದೂ ಇಲ್ಲ. ನೀವೇ ಎದ್ದು ಕಟ್ಟೆಯ (ಬಾರ್ ಕೌಂಟರಿನ) ಬಳಿಗೆ ಹೋಗಿ ಹೇಳಬೇಕು. ಅಲ್ಲಿ ಸಾಲು ಕಾಣಿಸದಿದ್ದರೂ ಸಾಲು ಇರುತ್ತದೆ: ಯಾರು ಮೊದಲು ಬಂದರೆಂಬುದು ಕಟ್ಟೆಯ ಆಚೆ ನಿಂತವರಿಗೂ ಈಚೆ ನಿಂತವರಿಗೂ ಗೊತ್ತಿರುತ್ತದೆ, ನೋಟು ಬೀಸಿ ಕರೆದರೆ ನಿಮ್ಮ ಸರದಿ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ನೆಲಮಾಳಿಗೆ (ಶೆಫೀಲ್ಡ್)

ಎಂ.ಎಸ್ಸಿ. ಓದುವಾಗ ಎರಡು ವರ್ಷ ಒಂದು ಹಳ್ಳಿ ಪಬ್‌ನಲ್ಲಿ ವಾರಾಂತ್ಯದ ಕೆಲಸ ಮಾಡಿದವನು ನಾನು. ಏಲ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಒಳಗಿನ ಕೆಲಸ ತಿಳಿದರೆ ಯಾವ ಪಬ್‌ಗೆ ಹೋಗಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಮಾವನವರು ಊರಿನಲ್ಲಿ ಕುಡಿದಿರುವುದು ಲಾಗರ್. ಅದನ್ನು ಕಾರ್ಖಾನೆಯಲ್ಲಿಯೇ ಸೋಸಿ, ಬಿಸಿಮಾಡಿ, ಅನಿಲ ತುಂಬಿ ಕಳುಹಿಸುತ್ತಾರೆ. ಬಾಟಲಿಯೊಳಗೆ ಯಾವ ಚಟುವಟಿಕೆಯೂ ಉಳಿದಿರುವುದಿಲ್ಲ. ಪೀಪಾಯಿಯ ಏಲ್ ಹಾಗಲ್ಲ. ಅದು ಪಬ್‌ಗೆ ಬರುವಾಗ ಅದರೊಳಗೆ ಯೀಸ್ಟ್ ಜೀವಂತವಾಗಿರುತ್ತದೆ, ಎರಡನೆಯ ಸುತ್ತಿನ ಹುದುಗು ನೆಲಮಾಳಿಗೆಯಲ್ಲಿ ನಡೆಯುತ್ತದೆ. ಮನೆಯಲ್ಲಿ ರುಬ್ಬಿಟ್ಟ ದೋಸೆ ಹಿಟ್ಟನ್ನು ನೆನೆದುಕೊಳ್ಳಿ. ಹಿಟ್ಟು ಒಂದೇ ಆದರೂ ಇಟ್ಟ ಜಾಗ, ಹವೆ, ನೋಡಿಕೊಂಡ ಕೈ ಇವುಗಳ ಮೇಲೆ ಮರುದಿನದ ದೋಸೆ ನಿಂತಿರುತ್ತದೆಯಲ್ಲವೇ?

ಪೀಪಾಯಿ ಬಂದೊಡನೆ ಅದನ್ನು ಅಡ್ಡಲಾಗಿ, ಉರುಳದಂತೆ ಬೆಣೆ ಕೊಟ್ಟು ಮಲಗಿಸುತ್ತೇವೆ. ಅದರ ಹೊಟ್ಟೆಯ ಮೇಲ್ಭಾಗದ ಬಿರಡೆಗೆ ಮೆದು ಮರದ ಸಣ್ಣ ಗೂಟವನ್ನು ಹೊಡೆದಾಗ ಅದರ ಎಳೆಗಳ ಮೂಲಕ ನೊರೆ ಉಕ್ಕಿ ಬರುತ್ತದೆ. ಒರೆಸಿ, ಕಾದು, ಮತ್ತೆ ಒರೆಸಿ, ನೊರೆ ಬರುವುದು ನಿಧಾನವಾದ ಮೇಲೆ ಗಟ್ಟಿ ಮರದ ಗೂಟಕ್ಕೆ ಬದಲಾಯಿಸಬೇಕು. ಆಮೇಲೆ ಗಸಿ ತಳಕ್ಕಿಳಿಯಲು ಬಿಡಬೇಕು. ಎಲ್ಲಕ್ಕಿಂತ ಎದೆ ಹೊಡೆದುಕೊಳ್ಳುವುದು ನಲ್ಲಿ ಕೂರಿಸುವಾಗ. ಮರದ ಕೊಡತಿಯಿಂದ ಒಂದೇ ಪೆಟ್ಟಿಗೆ ನಲ್ಲಿ ಒಳಹೊಕ್ಕಬೇಕು. ಮೊದಲ ಸಲ ಹೆದರಿಕೆಯಿಂದ ಮೆಲ್ಲನೆ ಹೊಡೆದ ನಾನು ತಲೆಯಿಂದ ಕಾಲಿನವರೆಗೆ ನೆನೆದು, ಅದೇ ಬಟ್ಟೆಯಲ್ಲಿ ಬಸ್ಸಿನಲ್ಲಿ ಮನೆಗೆ ಬಂದಾಗ ಪಕ್ಕದಲ್ಲಿ ಕೂರಲು ಯಾರೂ ಒಪ್ಪಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಹಳ್ಳಿ ಪಬ್‌ಗಳು ಹೆಚ್ಚಾಗಿ ತರಿಸುವ ಪೀಪಾಯಿಗೆ ಫರ್ಕಿನ್ ಎಂದು ಹೆಸರು; ಅದರಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್ ಹಿಡಿಸುತ್ತದೆ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಏಲ್ ಹೊರಬಂದಷ್ಟೂ ಪೀಪಾಯಿಯೊಳಗೆ ಗಾಳಿ ಹೊಕ್ಕುವುದರಿಂದ ಸುಮಾರು ಮೂರು ದಿನಗಳಲ್ಲಿ ಅದು ಖಾಲಿಯಾಗಬೇಕು, ಇಲ್ಲವಾದರೆ ಸಪ್ಪೆಯಾಗಿ ಕೊನೆಗೆ ಹುಳಿಯಾಗುತ್ತದೆ. ಹಾಗೆಂದರೆ ಏಲನ್ನು ಮೇಲೆಳೆಯುವ ಒಂದೊಂದು ಕೈಪಂಪಿನಿಂದಲೂ ದಿನಕ್ಕೆ 24 ಪೈಂಟ್ ಮಾರಾಟವಾಗಬೇಕು. ಆದ್ದರಿಂದ ಒಳಗೆ ಹೋದೊಡನೆ ಕಟ್ಟೆಯ ಮೇಲಿನ ಪಂಪಿನ ಹಿಡಿಗಳನ್ನೂ ಕುಳಿತಿರುವ ತಲೆಗಳನ್ನೂ ಎಣಿಸಿ. ಎಂಟು ಹಿಡಿಗಳಿದ್ದು ನಾಲ್ಕೇ ಜನರಿದ್ದರೆ ನಿಂಬೆ ಸೋಡಾ ಕುಡಿದು ಬನ್ನಿ. ಎರಡೇ ಹಿಡಿಗಳಿದ್ದು ಜಾಗ ತುಂಬಿದ್ದರೆ ಕಣ್ಣುಮುಚ್ಚಿ ಕೇಳಿ.

ಇನ್ನೊಂದು ವಿಷಯ. ಪೈಂಟ್‌ನಿಂದ ಶುರುಮಾಡದೆ ಅರ್ಧ ಪೈಂಟ್ ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಯಾವುದೆಂದು ತಿಳಿಯದಿದ್ದರೆ ರುಚಿ ನೋಡಲು ಒಂದು ಗುಟುಕು ಕೇಳಬಹುದು. ಕೊಟ್ಟದ್ದು ವಿನೆಗರ್ ವಾಸನೆ ಬಂದರೆ ಕಟ್ಟೆಗೆ ಹಿಂದಿರುಗಿಸಿ, ಒಳ್ಳೆಯ ಪಬ್‌ನವರು ಮರುಮಾತಿಲ್ಲದೆ ಬದಲಾಯಿಸಿ ಕೊಡುತ್ತಾರೆ.

ಕೆಂಟ್ ವಾಸಿ (ಕ್ಯಾಂಟರ್‌ಬರಿ)

ನೆಲಮಾಳಿಗೆ ಅವರು ಸೊಗಸಾಗಿ ವಿವರಿಸಿದ್ದಾರೆ. ಆದರೆ ಯಾರ್ಕ್‌ಶೈರ್‌ನಲ್ಲಿ ಪಂಪಿನ ಮೂತಿಗೆ ಸಣ್ಣ ರಂಧ್ರಗಳ ಬಿಲ್ಲೆಯೊಂದನ್ನು ಸಿಕ್ಕಿಸಿ, ಏಲನ್ನು ಹಿಂಡಿ, ಲೋಟದ ಮೇಲೆ ದಪ್ಪ ಕೆನೆಯಂತೆ ನೊರೆ ಬರಿಸುವ ಪದ್ಧತಿ ಇದೆಯೆಂಬುದನ್ನು ಹೇಳಲಿಲ್ಲ. ಸ್ಪಾರ್ಕ್ಲರ್ ಎಂಬ ಈ ಬಿಲ್ಲೆಯಿಂದ ಏಲ್‌ನಲ್ಲಿದ್ದ ಅನಿಲವೆಲ್ಲ ನೊರೆಗೇ ಹೋಗಿ ಕೆಳಗೆ ಸಪ್ಪೆ ನೀರು ಉಳಿಯುತ್ತದೆ ಎಂಬುದು ದಕ್ಷಿಣದವರಾದ ನಮ್ಮ ಅಭಿಪ್ರಾಯ. ಬಿಯರ್‌ಗೆ ಹಾಕುವ ಹಾಪ್ಸ್ ಹೂವನ್ನು ಬೆಳೆಯುವ ಸೀಮೆಯವರು ನಾವು. ಆ ಹೂವಿನ ಕಹಿಯೂ ಪರಿಮಳವೂ ನೇರವಾಗಿ ಮೂಗಿಗೆ ಬರಬೇಕೇ ಹೊರತು ನೊರೆಯ ಹಾಸಿನ ಕೆಳಗೆ ಮಲಗಿರಬಾರದು.

ಡೇಲ್ಸ್ ನಡಿಗೆಗಾರ (ಸ್ಕಿಪ್ಟನ್)

ಕೆಂಟ್ ವಾಸಿಗಳೇ, ಇಲ್ಲಿನ ಏಲನ್ನು ಆ ಬಿಲ್ಲೆಗಾಗಿಯೇ ಕುದಿಸಿ ಹದಗೊಳಿಸಿರುತ್ತಾರೆ. ಎತ್ತಿ ಸುರಿಯದ ಫಿಲ್ಟರ್ ಕಾಫಿಯನ್ನು ನೀವು ಕುಡಿಯುವಿರಾದರೆ ಈ ವಾದವನ್ನು ಇಲ್ಲಿಗೇ ನಿಲ್ಲಿಸೋಣ.

ಸೊಪ್ಪು ತರಕಾರಿ (ಮ್ಯಾಂಚೆಸ್ಟರ್)

ಅತ್ತೆಯವರ ಪಾಲಿನ ಮಾತನ್ನು ನಾನು ಆಡುತ್ತೇನೆ. ಹಳ್ಳಿ ಪಬ್‌ನ ಊಟದ ಪಟ್ಟಿಯಲ್ಲಿ ಸಸ್ಯಾಹಾರದಂತೆ ಕಾಣುವ ಹಲವು ತಿನಿಸುಗಳು ಸಸ್ಯಾಹಾರವಲ್ಲ. ಭಾನುವಾರದ ರೋಸ್ಟ್‌ನ (ಹುರಿದ ಮಾಂಸದ ಊಟದ) ಜೊತೆ ಬರುವ ಯಾರ್ಕ್‌ಶೈರ್ ಪುಡ್ಡಿಂಗ್ ನೋಡಲು ಉಬ್ಬಿದ ಪೂರಿಯ ದೊಡ್ಡಣ್ಣನಂತಿರುತ್ತದೆ, ಆದರೆ ಅದು ಮೈದಾ, ಹಾಲು, ಮೊಟ್ಟೆಗಳ ಹಿಟ್ಟನ್ನು ಕಾದ ಕೊಬ್ಬಿಗೆ ಸುರಿದು ಬೇಯಿಸಿದ್ದು. ಹುರಿದ ಆಲೂಗಡ್ಡೆಗೂ ದನದ ಅಥವಾ ಬಾತುವಿನ ಕೊಬ್ಬು ಬಳಸಿರಬಹುದು. ಯಾರ್ಕ್‌ಶೈರ್‌ನಲ್ಲಿ ಚಿಪ್ಸ್ (ಅಂದರೆ ನಮ್ಮ ಫ್ರೆಂಚ್ ಫ್ರೈಸ್‌ನಂಥದ್ದು) ಕರಿಯಲು ದನದ ಕೊಬ್ಬನ್ನು ಬಳಸುವ ರೂಢಿ ಇನ್ನೂ ಇದೆ. ಮಾಂಸದ ರಸದಿಂದ ಮಾಡುವ ಗ್ರೇವಿಯ ಬಗ್ಗೆ ಹೇಳಬೇಕಾಗಿಯೇ ಇಲ್ಲ. ವೋಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ.

ನೆಮ್ಮದಿಯಿಂದ ತಿನ್ನಬಹುದಾದದ್ದು ಪ್ಲೌಮನ್ಸ್ ಲಂಚ್, ಅಂದರೆ ನೇಗಿಲು ಹಿಡಿದವನ ಊಟ: ದಪ್ಪ ರೊಟ್ಟಿ, ಬೆಣ್ಣೆ, ಒಂದು ಗಟ್ಟಿ ತುಂಡು ಚೀಸ್, ವಿನೆಗರಿನಲ್ಲಿ ನೆನೆಸಿದ ಈರುಳ್ಳಿ, ಸೇಬಿನ ಹೋಳು, ಕಂದು ಬಣ್ಣದ ಸಿಹಿ-ಹುಳಿ ಪಿಕಲ್. ಹಂದಿ ಮಾಂಸದ ಚೂರು ಬೇಡವೆಂದು ಮೊದಲೇ ಹೇಳಿ. ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸಿದ್ದಾರೆಯೇ ಎಂದೂ ಕೇಳಿ, ಕಟ್ಟುನಿಟ್ಟಿನವರಿಗೆ ಅದು ಮುಖ್ಯ. ಅಂದಹಾಗೆ ರೈತರು ರೊಟ್ಟಿ-ಚೀಸ್ ತಿನ್ನುತ್ತಿದ್ದುದು ನಿಜವಾದರೂ ಈ ಹೆಸರು ಪಬ್‌ಗಳ ಪಟ್ಟಿಯಲ್ಲಿ ಮನೆಮಾತಾದದ್ದು ಎರಡನೆಯ ಮಹಾಯುದ್ಧದ ನಂತರ, ಚೀಸ್ ಮಾರುವವರ ಪ್ರಚಾರದಿಂದ. ಹಳೆಯದೆಂದು ಕಾಣುವುದೆಲ್ಲ ಹಳೆಯದಲ್ಲ.

ಮಾವನವರೂ ಸಸ್ಯಾಹಾರಿಗಳಾದರೆ ಇನ್ನೊಂದು ಕಹಿ ಸುದ್ದಿಯಿದೆ. ಏಲ್ ತಿಳಿಯಾಗಲೆಂದು ಪೀಪಾಯಿಗೆ ಐಸಿಂಗ್ಲಾಸ್ ಸೇರಿಸುವುದು ಬಹುಕಾಲದ ರೂಢಿ. ಅದು ಮೀನಿನ ಒಳಗಿನ ಗಾಳಿಚೀಲವನ್ನು ಒಣಗಿಸಿ ತಯಾರಿಸಿದ್ದು.

ಮಲೆನಾಡಿನವಳು (ಲೀಡ್ಸ್)

ಮೀನಿನ ವಿಷಯ ಓದಿ ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಅವರು ಮಾಂಸ, ಮೀನು ಮುಟ್ಟುವವರಲ್ಲ. ಇದಕ್ಕೆ ಪರಿಹಾರವಿದೆಯೇ?

ನೆಲಮಾಳಿಗೆ (ಶೆಫೀಲ್ಡ್)

ಇದೆ. ಐಸಿಂಗ್ಲಾಸ್ ಧನ ವಿದ್ಯುದಂಶದ್ದು, ಯೀಸ್ಟ್ ಋಣ ವಿದ್ಯುದಂಶದ್ದು. ಒಂದಕ್ಕೊಂದು ಅಂಟಿ ಗಸಿಯಾಗಿ ತಳ ಸೇರುತ್ತವೆ, ಲೋಟಕ್ಕೆ ಬರುವುದು ಹೆಚ್ಚೆಂದರೆ ಲೇಶಮಾತ್ರ. ಆ ಲೇಶವೂ ಬೇಡವೆನ್ನುವವರಿಗಾಗಿ ಈಗ ಹಲವು ಸಣ್ಣ ಬ್ರೂವರಿಗಳು ಏನನ್ನೂ ಬೆರೆಸದೆ, ಕೊಂಚ ಮಬ್ಬಾಗಿರುವ ಏಲನ್ನೇ ಕಳುಹಿಸುತ್ತಿವೆ. ಕಟ್ಟೆಯಲ್ಲಿ "ಅನ್‌ಫೈನ್ಡ್ ಏನಾದರೂ ಇದೆಯೇ?" ಎಂದು ಕೇಳಿದರೆ ಸಾಕು, ಅರ್ಥವಾಗುತ್ತದೆ. ಹಿಡಿಯ ಮೇಲಿನ ಫಲಕದಲ್ಲಿ ವೀಗನ್ ಎಂದು ಬರೆದಿರುವುದೂ ಉಂಟು.

ಇಂದಿರಾನಗರದಿಂದ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ಕಚೇರಿಯ ಕೆಲಸಕ್ಕಾಗಿ ಇಂಗ್ಲೆಂಡಿಗೆ ಬಂದಾಗ ಈ ಏಲನ್ನು ಕುಡಿದಿದ್ದೇನೆ. ಬೆಚ್ಚಗಿತ್ತು, ಗುಳ್ಳೆಯೇ ಇರಲಿಲ್ಲ. ನಮ್ಮ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾದ ಬಿಯರ್ ತಣ್ಣಗೆ ಸಿಗುತ್ತದೆ. ಇಂಡಿಯಾ ಪೇಲ್ ಏಲ್ ಎಂದು ನಮ್ಮ ದೇಶದ ಹೆಸರನ್ನೇ ಇಟ್ಟುಕೊಂಡವರು ನಮ್ಮ ಹವೆಗೆ ತಕ್ಕಂತೆ ತಣ್ಣಗೆ ಕೊಡಬಾರದೇ?

ನೆಲಮಾಳಿಗೆ (ಶೆಫೀಲ್ಡ್)

ಬೆಚ್ಚಗಿತ್ತೆಂದರೆ ಅದು ಆ ಪಬ್‌ನ ತಪ್ಪು, ಏಲ್‌ನದಲ್ಲ. ನೆಲಮಾಳಿಗೆಯ ಉಷ್ಣತೆ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು, ಅದು ನಮ್ಮ ಮಣ್ಣಿನ ಮಡಕೆಯ ನೀರಿಗಿಂತ ತಣ್ಣಗೆ. ಅದಕ್ಕಿಂತ ಕೆಳಗೆ ಹೋದರೆ ಮೊಳಕೆ ಬಾರ್ಲಿಯ ಸಿಹಿಯಾಗಲಿ ಹಾಪ್ಸ್‌ನ ಪರಿಮಳವಾಗಲಿ ನಾಲಿಗೆಗೆ ತಿಳಿಯುವುದಿಲ್ಲ. ಇನ್ನು ಪೇಲ್ ಏಲ್ ನಮ್ಮ ದೇಶಕ್ಕೆ ಬಂದದ್ದು ಇಲ್ಲಿಂದ ಗುಡ್‌ಹೋಪ್ ಭೂಶಿರವನ್ನು ಸುತ್ತಿ, ತಿಂಗಳುಗಟ್ಟಲೆ ಹಡಗಿನಲ್ಲಿ. ಲಂಡನ್ನಿನ ಹಾಡ್ಜ್‌ಸನ್ ಎಂಬ ಬ್ರೂವರ್, ಅವನ ನಂತರ ಬರ್ಟನ್ ಪಟ್ಟಣದ ಆಲ್ಸಪ್ ಮತ್ತು ಬಾಸ್ ಅದನ್ನು ಕಂಪನಿ ಸರಕಾರದ ಬಿಳಿಯರಿಗಾಗಿ ಕಳುಹಿಸಿದರು. ಆ ಪ್ರಯಾಣವನ್ನು ತಡೆದುಕೊಳ್ಳಲೆಂದೇ ಹಾಪ್ಸ್ ಹೆಚ್ಚು ಹಾಕುತ್ತಿದ್ದರು.

ಬೆಂಗಳೂರಿನಲ್ಲಿ ಒಳ್ಳೆಯ ಬಿಯರ್ ಇದೆಯೆಂಬುದನ್ನು ಒಪ್ಪುತ್ತೇನೆ. ಅದು ತೊಟ್ಟಿಯಿಂದ ಅನಿಲದ ಒತ್ತಡದಲ್ಲಿ ಬರುವುದು. ಇದು ಕೈಯಿಂದ ಎಳೆದು ತರುವುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಳೆಯ ಸದಸ್ಯ (ಕಾರ್ಲೈಲ್)

1970ರ ದಶಕದಿಂದ ಇಲ್ಲಿರುವವನು ನಾನು. ಆಗ ದೊಡ್ಡ ಕಂಪನಿಗಳು ಎಲ್ಲ ಪಬ್‌ಗಳಿಗೂ ಅನಿಲ ತುಂಬಿದ ಬಿಯರ್ ಹಂಚಲು ಹೊರಟಿದ್ದವು. ಪೀಪಾಯಿಯ ಏಲ್ ಉಳಿದದ್ದರಲ್ಲಿ 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕರ ಚಳವಳಿಯ ಪಾಲು ದೊಡ್ಡದು. ಅವರು ಪ್ರತಿವರ್ಷ ಹೊರತರುವ ಗುಡ್ ಬಿಯರ್ ಗೈಡ್ ಹಿಡಿದುಕೊಂಡರೆ ಯಾವ ಹಳ್ಳಿಯಲ್ಲಿಯೂ ಮೋಸಹೋಗುವ ಭಯ ಕಡಿಮೆ. ಅಂದಿನ ಕಾನೂನಿನಂತೆ ಮಧ್ಯಾಹ್ನ ಪಬ್‌ಗಳನ್ನು ಮುಚ್ಚಲೇಬೇಕಿತ್ತು. ಆ ನಿರ್ಬಂಧ ಸಡಿಲವಾದದ್ದು 1988ರಲ್ಲಿ. ಒಳಗೆ ಹೊಗೆ ಎಷ್ಟಿರುತ್ತಿತ್ತೆಂದರೆ ಕೋಟನ್ನು ಅಂಗಳದಲ್ಲಿ ನೇತುಹಾಕಿ ಮನೆಯೊಳಗೆ ಬರಬೇಕಾಗಿತ್ತು. 2007ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿ ಅದೂ ನಿಂತಿತು. ನಿಮ್ಮ ಅತ್ತೆಯವರು ಸರಿಯಾದ ಕಾಲಕ್ಕೇ ಬಂದಿದ್ದಾರೆ.

ನಮ್ಮ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯಲ್ಲಿ ಓಲ್ಡ್ ಕ್ರೌನ್ ಎಂಬ ಪಬ್ ಕೈತಪ್ಪುವ ಭಯ ಬಂದಾಗ 2003ರಲ್ಲಿ ಊರವರೇ ಸಹಕಾರ ಸಂಘ ಕಟ್ಟಿ ಅದನ್ನು ಕೊಂಡುಕೊಂಡರು. ಹಳ್ಳಿಯಲ್ಲಿ ಅಂಚೆ ಕಚೇರಿ, ಅಂಗಡಿ ಮುಚ್ಚಿದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡಲು ಉಳಿಯುವ ಜಾಗ ಅದೊಂದೇ.

ಮಲೆನಾಡಿನವಳು (ಲೀಡ್ಸ್)

ಕಳೆದ ಶನಿವಾರ ಹೋಗಿಬಂದೆವು. ಸಲಹೆ ಕೊಟ್ಟವರಿಗೆಲ್ಲ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ರಿಬಲ್‌ಹೆಡ್ ಸೇತುವೆಯನ್ನು ನೋಡಿ, ಹಿಂದಿರುಗುವಾಗ ಅದೇ ರೈಲು ದಾರಿಯ ಇನ್ನೊಂದು ಹಳ್ಳಿಯಲ್ಲಿ ಇಳಿದು, ಕುರಿಗಳ ಹೊಲದ ಕಲ್ಲುಗೋಡೆಯ ಪಕ್ಕದಲ್ಲಿ ಕಾಲು ಗಂಟೆ ನಡೆದು, ಹನ್ನೆರಡೂವರೆಗೆ ಪಬ್ ತಲುಪಿದೆವು. ಬಾಗಿಲು ಎಷ್ಟು ತಗ್ಗಾಗಿತ್ತೆಂದರೆ ಮಾವನವರು ಎಚ್ಚರಿಕೆ ಹೇಳುತ್ತಲೇ ತಾವೇ ತೊಲೆಗೆ ಹಣೆ ಬಡಿಸಿಕೊಂಡರು. ಅತ್ತೆಯವರು ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದರು. ಅಗ್ಗಿಷ್ಟಿಕೆಯಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಅವರದೇ ವಯಸ್ಸಿನ ಇಬ್ಬರು ಹೆಂಗಸರು ಅರ್ಧ ಪೈಂಟ್ ಲೋಟಗಳನ್ನು ಮುಂದಿಟ್ಟುಕೊಂಡು ಉಲ್ಲನ್ ಹೆಣೆಯುತ್ತಿದ್ದರು. "ಇವರ ಮನೆಯಲ್ಲಿ ಏನೂ ಹೇಳುವುದಿಲ್ಲವೇ?" ಎಂದು ಪಿಸುಗುಟ್ಟಿದವರು ನಾನು ಉತ್ತರಿಸುವುದರೊಳಗೆ ಹೋಗಿ ಬೆಂಕಿಯ ಬಳಿಯ ಬೆಂಚಿನಲ್ಲಿ ಕುಳಿತುಬಿಟ್ಟಿದ್ದರು.

ಹಿಡಿಗಳನ್ನು ಎಣಿಸಿದೆ: ಮೂರು. ತಲೆಗಳು ಇಪ್ಪತ್ತರ ಹತ್ತಿರ. ಒಂದು ಅನ್‌ಫೈನ್ಡ್ ಏಲ್ ಇತ್ತು, ಶೇಕಡ 3.8ರಷ್ಟು ಮದ್ಯಸಾರದ್ದು. ಕಟ್ಟೆಯ ಹುಡುಗಿ ಲೋಟವನ್ನು ಓರೆಯಾಗಿ ಹಿಡಿದು ಹಿಡಿಯನ್ನು ನಿಧಾನವಾಗಿ ಎಳೆದಳು. ಒಂದೇ ಎಳೆತಕ್ಕೆ ಅರ್ಧ ಪೈಂಟ್ ತುಂಬಿ, ಕಂದು ಬಣ್ಣದೊಳಗೆ ನೊರೆ ಮೋಡದಂತೆ ಇಳಿದು ಮತ್ತೆ ಮೇಲೇರಿ ನಿಂತಿತು. ಮಾವನವರು ಅದನ್ನೇ ನೋಡುತ್ತಾ ಊರಿನ ಶಾಲೆಯ ಮುಂದಿನ ಬೋರ್‌ವೆಲ್ ಪಂಪಿಗೂ ಇದಕ್ಕೂ ವ್ಯತ್ಯಾಸವಿಲ್ಲ ಎಂದರು.

ನಿಜ ಹೇಳಬೇಕೆಂದರೆ ಮೊದಲ ಗುಟುಕು ಅವರಿಗೆ ಹಿಡಿಸಲಿಲ್ಲ. "ಸೀಲು ಒಡೆದಿಟ್ಟ ಸೋಡಾ ಇದ್ದಹಾಗಿದೆ, ಜೊತೆಗೆ ಖಾರದ ಕಡಲೆಬೀಜವೂ ಇಲ್ಲ" ಎಂದು ಗೊಣಗಿದರು. ಅರ್ಧ ಲೋಟ ಮುಗಿಯುವ ಹೊತ್ತಿಗೆ ಕಹಿಯ ಹಿಂದೆ ಸುಟ್ಟ ಬೆಲ್ಲದಂಥದ್ದೇನೋ ಇದೆ ಎಂದು ಒಪ್ಪಿಕೊಂಡು, ಇನ್ನರ್ಧ ಪೈಂಟ್ ತರಲು ತಾವೇ ಎದ್ದುಹೋದರು. ಇಂಗ್ಲಿಷಿನಲ್ಲಿ ಮಾತಾಡಲು ಸಂಕೋಚಪಡುವವರು ಅಲ್ಲಿಯೇ ಹತ್ತು ನಿಮಿಷ ನಿಂತು ಕುರಿ ಸಾಕುವ ಒಬ್ಬರೊಡನೆ ಮಳೆಯ ಬಗ್ಗೆ ಮಾತಾಡಿದರು. ಆಗುಂಬೆಯ ಮಳೆಯ ಲೆಕ್ಕ ಕೇಳಿ ಆತ ನಂಬಲಿಲ್ಲವಂತೆ.

ಚಿಪ್ಸ್ ಬಗ್ಗೆ ವಿಚಾರಿಸಿದಾಗ ದನದ ಕೊಬ್ಬಿನಲ್ಲಿ ಕರಿದದ್ದೆಂದು ಅವರೇ ಹೇಳಿದರು, ಹಾಗಾಗಿ ಮಗಳಿಗೆ ಬೇಸರವಾಯಿತು. ಅತ್ತೆಯವರಿಗೆ ಪ್ಲೌಮನ್ಸ್ ತರಿಸಿದೆ. ಚೀಸ್ ಸಸ್ಯಜನ್ಯ ರೆನೆಟ್‌ನದೆಂದು ಅಡುಗೆಮನೆಯವರು ಪೊಟ್ಟಣವನ್ನೇ ತಂದು ತೋರಿಸಿದರು. ರೊಟ್ಟಿ ಒಣಕಲು, ಈರುಳ್ಳಿ ಬರೀ ಹುಳಿ, ಚೀಸ್ ಪರವಾಗಿಲ್ಲ ಎಂಬುದು ಅವರ ತೀರ್ಪು. ಆದರೆ ಆ ಕಂದು ಪಿಕಲ್ ಇತ್ತಲ್ಲ, ಅದನ್ನು ಬೆರಳ ತುದಿಯಲ್ಲಿ ನೆಕ್ಕಿ ನೋಡಿ, "ಇದು ಉಪ್ಪಿನಕಾಯಿಯಲ್ಲ, ಗೊಜ್ಜು. ಮೆಣಸು ಹಾಕುವುದನ್ನು ಮರೆತಿದ್ದಾರೆ, ಅಷ್ಟೆ" ಎಂದರು. ಬಟ್ಟಲು ಖಾಲಿಯಾಗಿ ಇನ್ನೊಂದನ್ನು ಕೇಳಿ ತಂದೆ. ನಾವು ಹೊರಡುವಾಗ ಮೂರೂಕಾಲಾಗಿತ್ತು, ಒಂದು ರೈಲನ್ನು ತಪ್ಪಿಸಿಕೊಂಡಿದ್ದೆವು.

ಸೊಪ್ಪು ತರಕಾರಿ (ಮ್ಯಾಂಚೆಸ್ಟರ್)

ಅದು ಬ್ರಾನ್‌ಸ್ಟನ್ ಪಿಕಲ್ ಜಾತಿಯದಾಗಿರಬೇಕು. 1922ರಲ್ಲಿ ಅದನ್ನು ಮೊದಲು ತಯಾರಿಸಿದ್ದು ಬ್ರಾನ್‌ಸ್ಟನ್ ಎಂಬ ಹಳ್ಳಿಯಲ್ಲಿ, ಮೇಲೆ ಹೇಳಿದ ಏಲ್ ಪಟ್ಟಣ ಬರ್ಟನ್ನಿನ ಪಕ್ಕದಲ್ಲಿಯೇ. ಯಾವ ಸೂಪರ್ ಮಾರ್ಕೆಟ್‌ನಲ್ಲಿಯೂ ಸಿಗುತ್ತದೆ.

ಕೆಂಟ್ ವಾಸಿ (ಕ್ಯಾಂಟರ್‌ಬರಿ)

ಮಾವನವರಿಗೂ ಏನಾದರೂ ಕಟ್ಟಿಕೊಡಿ. ಪೀಪಾಯಿಯ ಏಲ್ ಪ್ರಯಾಣ ಮಾಡುವುದಿಲ್ಲ, ಆದರೆ ತಳದಲ್ಲಿ ಯೀಸ್ಟ್ ಉಳಿಸಿಕೊಂಡ ಬಾಟಲಿ ಏಲ್ ಸಿಗುತ್ತದೆ. ಊರಿಗೆ ತಲುಪಿದ ಮೇಲೆ ಎರಡು ದಿನ ನೆಟ್ಟಗೆ ನಿಲ್ಲಿಸಿಟ್ಟು, ಅಲುಗಿಸದೆ ಬಗ್ಗಿಸಬೇಕು. ಭಾರತದ ಸುಂಕದವರು ತಲೆಗೆ ಎರಡು ಲೀಟರಿನವರೆಗೆ ಬಿಡುತ್ತಾರೆ.

ಮಲೆನಾಡಿನವಳು (ಲೀಡ್ಸ್)

ಸಲಹೆ ಬರುವುದು ತಡವಾಯಿತು. ಅತ್ತೆಯವರು ಆರು ಸೀಸೆ ಪಿಕಲ್ ಕೊಂಡು, ಒಂದೊಂದನ್ನೂ ಸೀರೆಯಲ್ಲಿ ಸುತ್ತಿ, ನೆರೆಹೊರೆಯವರಿಗೆ ಹಂಚಲೆಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಾರೆ. ತೂಕದ ಮಿತಿಗೆ ಇನ್ನು ನಾನೂರು ಗ್ರಾಂ ಮಾತ್ರ ಉಳಿದಿದೆ. ಅರ್ಧ ಲೀಟರಿನ ಗಾಜಿನ ಬಾಟಲಿ ಎಷ್ಟು ತೂಗುತ್ತದೆಂದು ಮಾವನವರು ಅಡುಗೆಮನೆಯ ತಕ್ಕಡಿಯಲ್ಲಿ ನೋಡುತ್ತಿದ್ದಾರೆ.